ನಮ್ಮ ಬೀದಿಗೆ ಬಂದ ಎರಡನೇ ಪೈಪು

ಹಾಸನದಲ್ಲಿ ನಾನು ಹನ್ನೊಂದು ವರ್ಷ ನೀರು ಬಿಡುವ ಕೆಲಸ ಮಾಡಿದೆ. ಕಚೇರಿಯಲ್ಲಿ ವಾಲ್ವ್‌ಮನ್ ಅನ್ನುತ್ತಿದ್ದರು. ಜನಕ್ಕೆ ನಾನು ‘ನೀರ್ ಬುಡೋನು’. ಉದ್ದನೆಯ ಕಬ್ಬಿಣದ ಕೀಲಿ ಹಾಕಿ ಒಂದು ವಾಲ್ವ್ ತಿರುಗಿಸಿದರೆ ನಾನು ಹುಟ್ಟಿದ ಕಾಲೊನಿಗೆ ನೀರು, ಇನ್ನೊಂದು ತಿರುಗಿಸಿದರೆ ರಸ್ತೆಯಾಚೆಯ ಬಡಾವಣೆಗೆ. ಇಬ್ಬರಿಗೂ ಐದು ದಿನಕ್ಕೊಮ್ಮೆ. ಅದರಲ್ಲಿ ಮಾತ್ರ ಎರಡು ಕಡೆಯವರೂ ಸಮ.

ಆಗ ಊರಾಚೆ ಚರಂಡಿ ನೀರನ್ನು ಶುದ್ಧ ಮಾಡುವ ಘಟಕ ಶುರುವಾಯಿತು. ಆ ನೀರನ್ನು ಬೇರೆ ಪೈಪಿನಲ್ಲಿ ಮನೆಮನೆಗೆ ಕೊಡಬೇಕು, ಕುಡಿಯಲು ಅಲ್ಲ, ಕಕ್ಕಸಿಗೆ, ಗಿಡಕ್ಕೆ, ಅಂಗಳ ತೊಳೆಯಲು ಎಂದು ತೀರ್ಮಾನವಾಯಿತು. ಘಟಕ ನೋಡಲು ನನ್ನನ್ನೂ ಕರೆದೊಯ್ದಿದ್ದರು. ಕಪ್ಪಗೆ ಒಳಹೋದ ನೀರು ತಿಳಿಯಾಗಿ ಹೊರಬರುವುದನ್ನು ಕಂಡು ನಿಜಕ್ಕೂ ಖುಷಿಪಟ್ಟೆ. ಹೇಮಾವತಿ ಹೊಳೆಯಿಂದ ಎತ್ತಿ ತಂದ ನೀರನ್ನು ಕಕ್ಕಸಿಗೆ ಸುರಿಯುವುದು ತಪ್ಪು ಎಂದು ಈಗಲೂ ನಂಬಿದ್ದೇನೆ.

ನಮ್ಮ ಇಂಜಿನಿಯರ್ ನನ್ನನ್ನು ಕರೆದು ಕೂರಿಸಿದರು. “ಮೊದ್ಲು ನಿಮ್ಮ ಕಾಲೊನಿ, ಆಮೇಲೆ ಬಡಾವಣೆ. ಎರಡೂ ಕಡೆ ನೀರು ಉಳಿದ್ರೆ ಎಲ್ಲರಿಗೂ ಮೂರು ದಿನಕ್ಕೊಂದ್ಸಲ ಕೊಡಬಹುದು. ನಿಮ್ಮವರ ಸಹಿ ನೀನೇ ಹಾಕಿಸ್ಕೊಂಡು ಬಾ.”

ಬುದ್ಧ ವಿಹಾರದ ಮುಂದೆ ಬೀದಿಯವರನ್ನೆಲ್ಲ ಸೇರಿಸಿ ಹೇಳಿದೆ. ಮೊದಲು ಎದ್ದವಳು ನನ್ನಕ್ಕ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳ ಮಾತಿಗೆ ಬೀದಿಯಲ್ಲಿ ಬೆಲೆಯಿತ್ತು.

“ಮೋರಿ ನೀರೇನ್ಲಾ? ಆಚೆ ಬಡಾವಣೆಯೋರ್ಗೂ ಇದೇ ಬತ್ತದಾ?”

“ಅವ್ರಿಗೂ ಇದೇ ಕಣಕ್ಕ.”

“ಅಂಗಾರೆ ಸರಿ. ನೀನ್ ಏಳ್ತಿದ್ದೀಯ ಅಂತ ಸೈನ್ ಆಕ್ತೀನಿ ಕಣ್ಲಾ.”

ಅವಳು ಹಾಕಿದಳು, ಮಿಕ್ಕವರೂ ಹಾಕಿದರು.

ಬೀದಿ ಅಗೆದು ಪೈಪು ಹೂತರು. ಮೊದಮೊದಲು ಸ್ವಲ್ಪ ವಾಸನೆ ಬಂತು, ಆಮೇಲೆ ನಿಂತಿತು. ಜನ ಗೊಣಗುತ್ತಲೇ ಒಗ್ಗಿಕೊಂಡರು.

ಮುಂದೆ ಬಡಾವಣೆಯ ಸಂಘದವರ ಸಭೆ. ಪೈಪಿನ ನಕ್ಷೆ ಹಿಡಿದು ನಾನು ಹಿಂದೆ ನಿಂತಿದ್ದೆ. ನಿವೃತ್ತ ಮೇಷ್ಟ್ರೊಬ್ಬರು, “ದೇವರ ಮನೆ ಇರೋ ಕಡೆ ಆ ನೀರು ಬರೋದು ಬೇಡ” ಎಂದರು. ಕಾಲೊನಿಯವರು ಆಗಲೇ ಬಳಸುತ್ತಿದ್ದಾರೆ ಎಂದು ಇಂಜಿನಿಯರ್ ಹೇಳಿದಾಗ ಮುಂದಿನ ಸಾಲಿನ ಹೆಂಗಸೊಬ್ಬರು, “ಅವ್ರಿಗೆ ಅಭ್ಯಾಸ ಇರುತ್ತೆ, ಸರ್” ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಕುಹಕ ಅಂದುಕೊಳ್ಳುತ್ತಿದ್ದೆ. ಆಕೆ ಹವಾಮಾನದ ಬಗ್ಗೆ ಹೇಳುವಂತೆ ಹೇಳಿದ್ದರು, ಎಲ್ಲರೂ ತಲೆಯಾಡಿಸಿದ್ದರು. ಇಂಜಿನಿಯರ್ ಒಮ್ಮೆ ನನ್ನ ಕಡೆ ನೋಡಿ ಫೈಲು ಮುಚ್ಚಿದರು.

ತಿಂಗಳೊಳಗೆ ಹೊಸ ವೇಳಾಪಟ್ಟಿ ಬಂತು. ಬಡಾವಣೆಗೆ ಎರಡನೇ ಪೈಪು ಇಲ್ಲ. ನಾವು ಉಳಿಸಿದ ಹೊಳೆ ನೀರು ಅವರಿಗೆ, ಮೂರು ದಿನಕ್ಕೊಮ್ಮೆ. ನಮಗೆ ವಾರಕ್ಕೊಮ್ಮೆ.

“ಇದೇನ್ ಸಾ?” ಎಂದೆ.

“ನಿಮಗೆ ಹೆಂಗೂ ಇನ್ನೊಂದು ಲೈನ್ ಇದೆಯಲ್ಲಪ್ಪ.”

ನಾನು ಆ ಪಟ್ಟಿಯಂತೆಯೇ ವಾಲ್ವ್ ತಿರುಗಿಸಿದೆ. ಒಂದು ದಿನವಲ್ಲ, ಇಡೀ ಬೇಸಿಗೆ. ಆ ಹೆಂಗಸನ್ನಾದರೂ ಕ್ಷಮಿಸಬಲ್ಲೆ, ಆ ಬೇಸಿಗೆಯ ನನ್ನ ಕೈಯನ್ನಲ್ಲ.

ಒಂದು ಬೆಳಿಗ್ಗೆ ಅಕ್ಕ ಟ್ಯಾಂಕಿನ ಹತ್ತಿರಕ್ಕೇ ಬಂದಳು. ನಾನು ಬಡಾವಣೆಯ ವಾಲ್ವ್ ಬಿಡುತ್ತಿದ್ದೆ.

“ಕುಡಿಯಾಕ್ ನೀರಿಲ್ಲ. ಮಗೀನ್ ಬಟ್ಟೇನೂ ಆ ನೀರಲ್ಲೇ ಒಗೀತಾವ್ರೆ. ನಿಂಗೆ ಗೊತ್ತಿತ್ತೇನ್ಲಾ ಇಂಗಾಯ್ತದೆ ಅಂತ?”

“ಗೊತ್ತಿರ್ಲಿಲ್ಲಕ್ಕ.”

“ಈಗ್ ಗೊತ್ತಲ್ಲ. ಮತ್ಯಾಕ್ ತಿರುಗಿಸ್ತಿದ್ದೀಯ?”

ಉತ್ತರಕ್ಕೆ ಕಾಯದೆ ಹೋದಳು. ಅವತ್ತೇ, ಈ ಪಟ್ಟಿಯಂತೆ ನೀರು ಬಿಡಲಾರೆ ಎಂದು ಬರೆದುಕೊಟ್ಟೆ. ಇಂಜಿನಿಯರಿಗೆ ಕೋಪವೂ ಬರಲಿಲ್ಲ. “ಇನ್ನೊಬ್ರು ಬಿಡ್ತಾರೆ ಬಿಡು” ಎಂದರು. ಇನ್ನೊಬ್ಬರು ಬಿಟ್ಟರು, ಇಂದಿಗೂ ಬಿಡುತ್ತಿದ್ದಾರೆ. ನನ್ನನ್ನು ಅರಕಲಗೂಡಿಗೆ ಹಾಕಿದರು.

ಈಗ ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ. ಅಕ್ಕ ಮಾತಾಡಿಸುತ್ತಾಳೆ, ಹೋದರೆ ಉಣ್ಣಲು ಇಡುತ್ತಾಳೆ; ನೀರಿನ ಸುದ್ದಿ ಮಾತ್ರ ತೆಗೆಯುವುದಿಲ್ಲ.

ಹೋದ ತಿಂಗಳು ಅರಕಲಗೂಡಿನ ಸಾಹೇಬರು ಖುಷಿಯಿಂದ, ನಮ್ಮಲ್ಲೂ ಮರುಬಳಕೆ ನೀರಿನ ಯೋಜನೆ ಬರುತ್ತಿದೆ, ಯಾವ ಬೀದಿಯಿಂದ ಶುರು ಮಾಡಿದರೆ ಸುಲಭ ಎಂದು ಕೇಳಿದರು.

“ನಿಮ್ಮನೆ ಇರೋ ಬೀದಿಯಿಂದ ಮಾಡಿ, ಸಾ” ಎಂದೆ.

ತಮಾಷೆಯೆಂದುಕೊಂಡು ನಕ್ಕರು. ನಾನು ನಗದಿದ್ದುದನ್ನು ನೋಡಿ ನಗು ನಿಲ್ಲಿಸಿದರು. ಆಮೇಲೆ ನನ್ನನ್ನು ಏನೂ ಕೇಳಿಲ್ಲ.