ಕಟ್ಟಿಹಾಕಿದ ಎಮ್ಮೆ

ಭಾನುವಾರ ಬೆಳಗ್ಗೆ ಆರು ಗಂಟೆ. ದೇವಲಾಪುರದ ನಮ್ಮ ಮನೆಯಲ್ಲಿ ನಾನು, ಹೆಂಡತಿ, ಕಾಫಿಗೆ ಬಂದ ನೆರೆಯವನು. ಟಿವಿಯಲ್ಲಿ ಯುದ್ಧದ ಸುದ್ದಿ. ಕೈಕಟ್ಟಿದ ಸೆರೆಯಾಳುಗಳನ್ನು ಸೈನಿಕರು ಬಡಿಯುತ್ತಿದ್ದರು. ಸೈನ್ಯದಿಂದ ನಿವೃತ್ತನಾದ ನಾನು, "ಈ ಸೈನಿಕರ ವಿಚಾರಣೆ ಆಗಲೇಬೇಕು" ಎಂದೆ.

"ಸತ್ರುಗೋಳು ತಾನೆ? ಬುಡಣ್ಣ," ಎಂದ ನೆರೆಯವನು.

ಆಗ ಹಿತ್ತಲಿನಲ್ಲಿ ಅವನ ಎಮ್ಮೆ ಅರಚಿತು. ನಮ್ಮ ರಾಗಿ ಮೇಯ್ದಿದ್ದಕ್ಕೆ ಹೆಂಡತಿ ಅದನ್ನು ಕಟ್ಟಿಹಾಕಿದ್ದಳು. ಅವನ ಹಿಂದೆ ನಾವೂ ಓಡಿಹೋಗಿ ನೋಡಿದರೆ ಅದರ ಬೆನ್ನ ಮೇಲೆ ಬಾಸುಂಡೆ.

"ಕಟ್ಟಾಕುದ್ಮೇಲೂ ಒಡೆಯೋದಾ? ಯಾರು ಒಡೆದಿದ್ದು, ಈಗ್ಲೇ ಗೊತ್ತಾಗ್ಬೇಕು!"

"ಸತ್ರು ಎಮ್ಮೆ ತಾನೆ? ಬುಡ್ಲಾ," ಎಂದೆ.

ಹೆಂಡತಿ ಸೆರಗು ಸರಿಮಾಡಿಕೊಂಡಳು. "ನಾನೇಯ. ರಾಗಿ ತಿಂದ್ರೆ ಮುತ್ತಿಡ್ಲಾ?"

"ತಿಂದದ್ದಕ್ಕೆ ಕಟ್ಟಿದ್ದಾಯ್ತಲ್ಲ. ಏಟು ಯಾಕೆ?" ಎಂದೆ.

"ಆ ಸಿಪಾಯಿಗಳ್ನೂ ಇಂಗೇ ನಿಲ್ಸಿ ಕೇಳ್ಬೇಕು ಕಣಣ್ಣ," ಎಂದ ನೆರೆಯವನು.

ಅವಳು ಗೊಣಗುತ್ತಲೇ ಬಾಸುಂಡೆಗೆ ಅರಿಸಿನದೆಣ್ಣೆ ಹಚ್ಚಿ, ನೀರು ಕುಡಿಸಿ, ಹಗ್ಗ ಬಿಚ್ಚಿ ಎಮ್ಮೆಯನ್ನು ಅವನ ಕೈಗೆ ಕೊಟ್ಟಳು.