ಅಕ್ಕನ ಮಗಳ ಶಾಲೆಗೆ ಆಫ್ರಿಕಾದ ಸಾಕ್ಷಿ

ತಪ್ಪು ನನ್ನದೇ. ಕೊಲ್ಹಾಪುರದ ಕಾಲೇಜಿನಲ್ಲಿ ನನ್ನ ಇಬ್ಬರು ಗೆಳೆಯರಿದ್ದಾರೆ. ಒಬ್ಬ ಟಾಂಜಾನಿಯಾದವನು, ಇನ್ನೊಬ್ಬ ಘಾನಾದವನು. ಮೊದಲಿನವನ ಅರ್ಧ ಮಾತು ಕೇಳಿ, ಗಡಹಿಂಗ್ಲಜದ ಅಕ್ಕನಿಗೆ ಫೋನಿನಲ್ಲಿ ಹೇಳಿಬಿಟ್ಟೆ: "ಆಫ್ರಿಕಾದಾಗ ಹುಡುಗೂರು ತಮ್ಮ ಭಾಷಾದಾಗ ಕಲಿತಾವ, ಗೊತ್ತೈತೇನ?" ಇಡೀ ಖಂಡವನ್ನು ಹಾಸ್ಟೆಲ್ಲಿನ ಒಂದು ಮಂಚದ ಮೇಲೆ ಕೂರಿಸಿದ ಜಾಣ ನಾನು.

ಅಕ್ಕನಿಗೆ ಅಷ್ಟೇ ಸಾಕಾಗಿತ್ತು. ಜೂನ್‌ನಲ್ಲಿ ಮಗಳನ್ನು ಒಂದನೇ ಇಯತ್ತೆಗೆ ಸೇರಿಸಬೇಕು. ಕನ್ನಡ ಶಾಲೆ ಸಾಕೆಂದು ಅಕ್ಕ, ಇಂಗ್ಲಿಷ್ ಶಾಲೆಯೇ ಬೇಕೆಂದು ಭಾವ. ಅಕ್ಕ ನನ್ನ ಆಫ್ರಿಕಾವನ್ನು ಭಾವನ ಮುಂದೆ ಇಟ್ಟಳು. ಕಿರಾಣಿ ಅಂಗಡಿಯ ಭಾವ ಬೇಳೆಯನ್ನೂ ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವವರಲ್ಲ. "ನಿನ್ನ ತಮ್ಮನ ಮಾತು ಬ್ಯಾಡ. ಅವರನ್ನ ಕರಸು," ಎಂದರಂತೆ.

ಭಾನುವಾರ ಗೆಳೆಯರೊಂದಿಗೆ ಎಸ್.ಟಿ. ಬಸ್ಸು ಹತ್ತಿದೆ. ಮನೆಯಲ್ಲಿ ಭಾವನ ತಾಯಿ ಎದುರು ಬಂದಾಗ ಟಾಂಜಾನಿಯಾದವನು ತುಸು ಬಾಗಿ "ಶಿಕಾಮೂ" ಎಂದ. ಸ್ವಾಹಿಲಿ ಭಾಷೆಯಲ್ಲಿ ಹಿರಿಯರಿಗೆ ಹೇಳುವ ನಮಸ್ಕಾರವದು. ಅಜ್ಜಿಗೆ ಹಿಗ್ಗಾಯಿತು. ನಾನು ಘಾನಾದವನಿಗೆ ಮೊಣಕೈ ತಿವಿದು, "ನೀನೂ ಹೇಳು" ಎಂದೆ. ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ, "ಮೊದಲು ನೀನು ಪಂಜಾಬಿಯಲ್ಲಿ ಹೇಳು, ಆಮೇಲೆ ನಾನು" ಎಂದ.

ರೊಟ್ಟಿ ಊಟವಾದ ಮೇಲೆ ವಿಚಾರಣೆ ಶುರುವಾಯಿತು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಬರೀ ಮಾತು ತಂದರೆ ನನಗೆ ತೃಪ್ತಿಯಿಲ್ಲ, ಅವರವರ ದನಿಯನ್ನೂ ತರಬೇಕು.

ಟಾಂಜಾನಿಯಾದವನು ಕಸಬರಿಗೆ ಹಿಡಿದು ಶಾಲೆಗೆ ಹೋಗುತ್ತಿದ್ದನಂತೆ, ಅಂಗಳ ಗುಡಿಸಿದ ಮೇಲೆಯೇ ಪಾಠ. ಏಳು ವರ್ಷ ಎಲ್ಲವೂ ಸ್ವಾಹಿಲಿಯಲ್ಲಿ. ಅಕ್ಕನ ಮುಖ ಅರಳಿತು. ಎಂಟನೇ ವರ್ಷ ಎಲ್ಲ ಪಾಠವೂ ಇಂಗ್ಲಿಷಿಗೆ ತಿರುಗಿ, ಅವನು ವರ್ಷವಿಡೀ ಕೈಯೆತ್ತದೆ ಕೂತನಂತೆ. ಈಗ ಭಾವನ ಮುಖ ಅರಳಿತು. ಆಮೇಲೆ ಅವನು, ಸ್ವಾಹಿಲಿ ತನ್ನ ಮನೆಯ ಭಾಷೆಯೇ ಅಲ್ಲ, ಮನೆಯದು ಬೇರೆ ಎಂದ. ಅಕ್ಕ, ಭಾವ ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು.

ಘಾನಾದವನ ಶಾಲೆಯಲ್ಲಿ ಮನೆಮಾತು ಬಾಯಿಂದ ಜಾರಿದರೆ ಕೊರಳಿಗೆ ಹಲಗೆ, ಸಂಜೆಯವರೆಗೆ. ಇಂಗ್ಲಿಷ್ ಚೆನ್ನಾಗಿಯೇ ಬಂತಂತೆ. ಆದರೆ ತನ್ನ ಅಜ್ಜಿಗೆ ಅವಳ ಭಾಷೆಯಲ್ಲಿ ಒಂದು ಸಾಲು ಕಾಗದ ಬರೆಯಲು ಅವನಿಗೆ ಇವತ್ತಿಗೂ ಬರುವುದಿಲ್ಲ.

ಹುರುಪಿನಲ್ಲಿ ನಾನು ಈ ಹಲಗೆಯ ಕತೆಯನ್ನು ಟಾಂಜಾನಿಯಾದವನ ದನಿಯಲ್ಲಿ ಹೇಳಿ, ಅವನ ಕೊರಳ ಕಡೆಗೇ ಕೈ ತೋರಿಸಿದೆ. ಶಿರೋಳಿಯ ಫೌಂಡ್ರಿಯಲ್ಲಿ ತರಬೇತಿಗೆ ಹೋಗಿ ಮರಾಠಿ ಕಲಿತವನು ಅವನು. "ನಾಹೀ ರೇ," ಎಂದ, "ಪಾಟೀ ಯಾಚೀ. ಮಾಝಾ ಝಾಡೂ." ಹಲಗೆ ಇವನದು, ನನ್ನದು ಕಸಬರಿಗೆ.

"ಹಂಗಂದ್ರ ಯಾರ ಕೊಳ್ಳಾಗ ಏನಿತ್ತಪಾ?" ಎಂದರು ಭಾವ.

"ಫೋನಿನ್ಯಾಗ ನೀ ಹೇಳಿದ್ದು ಯಾವ ದೇಶದ್ದು?" ಎಂದಳು ಅಕ್ಕ.

"ಅದು... ಇವನ ದೇಶದ್ದು. ಏಳನೇ ಇಯತ್ತೆ ತನಕ."

"ಮತ್ತ ಮುಂದಿಂದು ಯಾರ ಹೇಳಬೇಕಿತ್ತು, ನಮ್ಮಪ್ಪ?" ಎಂದಳು ಅಕ್ಕ.

ಭಾವ ನನ್ನ ಕಡೆ ತಿರುಗಿದರು. "ಅವರದಿರಲಿ. ನಿನಗ ಯಾವ ಭಾಷಾದಾಗ ತಿಳೀತು, ಹೇಳು."

ಇದಕ್ಕೆ ನನ್ನಲ್ಲಿ ಯಾರ ದನಿಯೂ ಇರಲಿಲ್ಲ. ಇಚಲಕರಂಜಿಯ ಶಹಾಪುರದ ಮನೆಯಲ್ಲಿ, ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಕಲಿತದ್ದು ಕನ್ನಡ. ಶಾಲೆ ಮರಾಠಿ. ಮೊದಲ ವರ್ಷ ಒಂದಕ್ಷರವೂ ತಿಳಿಯದೆ, ಟೀಚರು ಅಂದದ್ದನ್ನು ಅವರ ಮೂಗಿನ ದನಿಯಲ್ಲೇ ತಿರುಗಿ ಅಂದೆ, ಶಭಾಷ್ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಅದೇ ವಿದ್ಯೆ. ನನಗೆ ತಿಳಿದದ್ದೆಷ್ಟು, ನಾನು ಅಣಕಿಸಿದ್ದೆಷ್ಟು, ಇವತ್ತಿಗೂ ಬೇರ್ಪಡಿಸಲಾರೆ. ಭಾವನಿಗೆ ಹಾಗೆಯೇ ಹೇಳಿದೆ. ಅವರು ಆ ಉತ್ತರವನ್ನು ಕನ್ನಡ ಶಾಲೆಯ ಲೆಕ್ಕಕ್ಕೆ ಹಾಕಬೇಕೋ ಇಂಗ್ಲಿಷಿನದಕ್ಕೋ ತಿಳಿಯದೆ ತಲೆ ಕೆರೆದುಕೊಂಡರು. ನಾನು ಇನ್ನೊಮ್ಮೆ ಬಿಡಿಸಿ ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅಜ್ಜಿ ತಾಟುಗಳನ್ನು ಒಂದರ ಮೇಲೊಂದು ಇಡುತ್ತ ಮಗನಿಗೆ ಹೇಳಿದರು: "ನೀ ಅಂಗಡಿ ಬಿಟ್ಟು ಏಳೂದಿಲ್ಲ. ಟೀಚರು ಕೂಸಿಗೆ ಬೈದ್ರ, ಸಾಲಿಗಿ ಹೋಗಿ ಜಗಳಾ ತಗ್ಯಾಕಿ ನಾ. ನನಗ ಜಗಳಾ ಮಾಡಾಕ ಬರೂದು ಕನ್ನಡದಾಗ ಅಷ್ಟ."