ಕನ್ನಡಿಯೊಳಗಿನ ಹದಿನೆಂಟನೆಯ ಗೋಪುರ

ದೆವ್ವ ಕಂಡೆ, ಪವಾಡ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲೆಲ್ಲ ಮೈ ಉರಿಯುತ್ತಿತ್ತು. ಅಬುಧಾಬಿಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಕಣ್ಣಿಗೆ ಕಂಡದ್ದು ಕೈಗೂ ಸಿಗಬೇಕು, ಇಲ್ಲದಿದ್ದರೆ ಅದು ಸುಳ್ಳು ಎಂದು ವಾದಿಸುತ್ತಿದ್ದವಳು ನಾನು. ಈಗ ವಾದ ಬಿಟ್ಟಿದ್ದೇನೆ. ನಂಬಿಕೆ ಬಂದುಬಿಟ್ಟಿದೆ ಎಂದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ನಾನು ನೋಡಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅಷ್ಟೆ. ನೀವು ನಂಬಲೇಬೇಕು ಎಂಬ ಒತ್ತಾಯವೂ ಇಲ್ಲ.

ಆಗ ನಾನಿದ್ದ ಕಚೇರಿ ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿತ್ತು. ಅಲ್ಲಿ ಕಟ್ಟಡಗಳ ಮಾಡೆಲ್ ಮಾಡುವ ಪಾಸ್ಕಲ್ ಎಂಬವರಿದ್ದರು. ಶಿರ್ವದ ಕಡೆಯ ಕ್ಯಾಥೊಲಿಕರು, ಅರವತ್ತರ ಹತ್ತಿರದ ವಯಸ್ಸು. ನಮ್ಮ ಪುತ್ತೂರಿನ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ ನಾನವರನ್ನು ‘ಪೊರ್ಬುಗಳೇ’ ಎಂದೇ ಕರೆಯುತ್ತಿದ್ದೆ. ಲಾಬಿಯಲ್ಲಿಡಲು ಜಗತ್ಪ್ರಸಿದ್ಧ ಕಟ್ಟಡವೊಂದರ ಮಾಡೆಲ್ ಬೇಕು ಎಂದು ಮ್ಯಾನೇಜರ್ ಹೇಳಿದಾಗ ಅವರು ಹಿಂದೆಮುಂದೆ ನೋಡದೆ ಬಾರ್ಸಿಲೋನಾದ ಮುಗಿಯದ ಇಗರ್ಜಿಯನ್ನು, ಅಂದರೆ ಅಲ್ಲಿಯ ಆ ದೊಡ್ಡ ಚರ್ಚನ್ನು, ಆರಿಸಿಕೊಂಡರು.

ಆ ಇಗರ್ಜಿಯ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕಿತ್ತು. ಕಟ್ಟಲು ಶುರುಮಾಡಿ ನೂರನಲವತ್ತು ವರ್ಷ ದಾಟಿದೆ. ತನ್ನ ಕಾಲದಲ್ಲಿ ಮುಗಿಯುವುದಿಲ್ಲ ಎಂದು ಗೊತ್ತಿದ್ದೂ ಅದರ ಶಿಲ್ಪಿ ನಲವತ್ತಕ್ಕೂ ಹೆಚ್ಚು ವರ್ಷ ಅದಕ್ಕೇ ಸವೆದ. ಯೋಜನೆಯಲ್ಲಿದ್ದದ್ದು ಹದಿನೆಂಟು ಗೋಪುರ. ನಡುವಿನದು ಯೇಸುವಿನದು, ಎಲ್ಲಕ್ಕಿಂತ ಎತ್ತರ. ಆದರೂ ಅದು ಊರಿನ ಗುಡ್ಡಕ್ಕಿಂತ ಒಂದಿಷ್ಟು ಕೆಳಗೇ ಇರಬೇಕು, ಗುಡ್ಡ ದೇವರು ಮಾಡಿದ್ದು ಎಂದಿದ್ದನಂತೆ. ಕೊನೆಗೆ ಅವನಿಗೆ ಟ್ರಾಮ್ ಬಡಿದಾಗ, ಹಳೆ ಬಟ್ಟೆ ನೋಡಿ ಜನ ಯಾರೋ ಭಿಕ್ಷುಕ ಎಂದುಕೊಂಡರು. “ಅಷ್ಟು ದೊಡ್ಡ ಇಗರ್ಜಿ ಕಟ್ಟಿದವನ ಗುರ್ತ ಅವನ ಊರಿನವರಿಗೇ ಸಿಗ್ಲಿಲ್ಲ, ನೋಡು ಮಾರಾಯ್ತಿ” ಎಂದು ಪೊರ್ಬುಗಳು ಪ್ರತಿ ಸಲವೂ ಸಿಟ್ಟಾಗುತ್ತಿದ್ದರು.

ಆ ಶಿಲ್ಪಿ ಇನ್ನೊಂದು ಚಿಕ್ಕ ಇಗರ್ಜಿಗಾಗಿ ಒಂದು ಉಪಾಯ ಮಾಡಿದ್ದ. ಸೂರಿನಿಂದ ದಾರಗಳನ್ನು ಇಳಿಬಿಟ್ಟು, ಅವಕ್ಕೆ ಚಿಕ್ಕ ಚಿಕ್ಕ ಭಾರ ಕಟ್ಟಿದ್ದ. ಭಾರಕ್ಕೆ ಜಗ್ಗಿದ ದಾರ ತಾನಾಗಿ ಒಂದು ಬಾಗು ಹಿಡಿಯುತ್ತದೆ. ಅದನ್ನು ತಲೆಕೆಳಗು ಮಾಡಿ ನೋಡಿದರೆ ಅದೇ ಬೀಳದ ಕಮಾನು. ನಮ್ಮ ಪೊರ್ಬುಗಳೂ ಹಾಗೆಯೇ ಮಾಡಿದರು. ಮೀನಾ ಬಂದರಿನ ಅಂಗಡಿಯಿಂದ ಬಲೆಯ ನೂಲು, ಬಲೆಗೆ ಕಟ್ಟುವ ಸೀಸದ ಗುಂಡು ತಂದು, ಬಲೆ ಹೆಣೆಯುವ ಗಂಟನ್ನೇ ಹಾಕಿ, ಏಳು ತಿಂಗಳು ಕೂತು ಲಾಬಿಯ ಸೂರಿನಿಂದ ಹದಿನೇಳು ಗೋಪುರ ಇಳಿಬಿಟ್ಟರು. ಕೆಳಗೆ ನೆಲದ ಮೇಲೆ ದೊಡ್ಡ ಕನ್ನಡಿ. ಬಗ್ಗಿ ನೋಡಿದರೆ ಇಗರ್ಜಿ ನೆಟ್ಟಗೆ ನಿಂತಿರುತ್ತಿತ್ತು.

ನಡುವಿನ ಗೋಪುರವನ್ನು ಕೊನೆಗೆ ಎಂದು ಇಟ್ಟುಕೊಂಡಿದ್ದರು. ಅಷ್ಟರಲ್ಲಿ ‘ವಯಸ್ಸಾಯ್ತು’ ಎಂದು ಕಂಪೆನಿಯವರು ಅವರ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸಿದರು. ಹೋಗುವಾಗ ಅವರು ಕೇಳಿದ್ದು ಒಂದೇ. “ಒಂದು ಮೂಲೆಯಲ್ಲಿ ನನ್ನ ಹೆಸ್ರು ಹಾಕ್ಲಿಕ್ಕೆ ಹೇಳು, ಆಯ್ತಾ?”

ಹೇಳಿದೆ. ಆದರೆ ಮರುವಾರ ಬಂದ ಹಿತ್ತಾಳೆ ಫಲಕದಲ್ಲಿ ‘ಕಲ್ಪನೆ ಮತ್ತು ನಿರ್ಮಾಣ’ ಎಂಬುದರ ಕೆಳಗೆ ಇದ್ದದ್ದು ಮ್ಯಾನೇಜರನ ಹೆಸರು! ಒಂದು ಗಂಟು ಹಾಕಲು ಬಾರದ ಮನುಷ್ಯ. ಅವನೂ ನಮ್ಮ ಮಂಗಳೂರಿನವನೇ, ಅದೇ ಹೊಟ್ಟೆ ಉರಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಜಾತಿ.

“ಸರ್, ಇದು ಪಾಸ್ಕಲ್ ಮಾಡಿದ್ದಲ್ವಾ?” ಎಂದೆ.

“ಅವ್ರದ್ದು ಖಲಾಸ್ ಆಯ್ತಲ್ಲ. ಇಲ್ಲಿ ಇಲ್ಲದವರ ಹೆಸ್ರು ಎಂತಕ್ಕೆ? ಸೋಮವಾರ ಕ್ಲೈಂಟ್ಸ್ ಬರ್ತಾರೆ. ಆ ನಡುವಿನದ್ದೊಂದು ನೀವು ಕಟ್ಟಿಬಿಡಿ.”

“ಅವರ ಹೆಸರು ಹಾಕಿ, ಕಟ್ತೇನೆ. ಇಲ್ಲದಿದ್ರೆ ನನ್ನಿಂದ ಆಗುದಿಲ್ಲ” ಎಂದುಬಿಟ್ಟೆ. ಅವನು ನಕ್ಕು ಹೋದ. ಕೆಲಸ ಹೋದೀತು ಎಂಬ ಹೆದರಿಕೆಗೆ ನಾನು ಹೇಗೂ ಕಟ್ಟುತ್ತೇನೆ ಎಂದು ಅವನ ಲೆಕ್ಕ.

ಶುಕ್ರವಾರ ಕಚೇರಿಗೆ ಅರ್ಧ ದಿನ. ಎಲ್ಲರೂ ಹೋದ ಮೇಲೆ ಮಾಡೆಲ್ ಮೇಲೆ ಬಟ್ಟೆ ಹೊದಿಸಲು ಲಾಬಿಗೆ ಬಂದೆ. ಒಳ್ಳೆ ಬಿಸಿಲು, ದೀಪವೂ ಬೇಡದಷ್ಟು ಬೆಳಕು. ಕನ್ನಡಿಯತ್ತ ಬಗ್ಗಿದೆ. ನಡುವಿನ ಗೋಪುರ ಅಲ್ಲಿತ್ತು.

ಯಾರು ಕಟ್ಟಿದರು ಎಂದು ತಲೆಯೆತ್ತಿದೆ. ಮೇಲೆ ನಡುವಿನ ಜಾಗ ಖಾಲಿ. ಬಗ್ಗಿದರೆ ಗೋಪುರ ಉಂಟು, ಎದ್ದರೆ ಇಲ್ಲ. ಬೆರಳು ಮಡಚಿ ಎಣಿಸಿದೆ: ಮೇಲೆ ಹದಿನೇಳು, ಕನ್ನಡಿಯಲ್ಲಿ ಹದಿನೆಂಟು. ಕನ್ನಡಿ ಒರೆಸಿದೆ, ಸರಿಸಿದೆ, ಇನ್ನೊಂದು ಬದಿಯಿಂದ ನೋಡಿದೆ. ಕೊನೆಗೆ ಆ ಖಾಲಿ ಜಾಗದಲ್ಲಿ ಕೈಯಾಡಿಸಿದೆ. ಬೆರಳಿಗೆ ಗಾಳಿ ಬಿಟ್ಟು ಏನೂ ಸಿಗಲಿಲ್ಲ. ಕನ್ನಡಿಯಲ್ಲಿ ಮಾತ್ರ ನನ್ನ ಬೆರಳು ತಾಗಿ ಸೀಸದ ಗುಂಡುಗಳು ಮೆಲ್ಲಗೆ ಓಲಾಡಿದವು. ಬಟ್ಟೆಯನ್ನು ಅಲ್ಲೇ ಬಿಸಾಡಿ ಲಿಫ್ಟಿನ ಕಡೆ ಓಡಿದೆ. ಟೂರಿಸ್ಟ್ ಕ್ಲಬ್ ಬಡಾವಣೆಯ ನನ್ನ ಮನೆ ಸೇರಿ ಬಾಗಿಲು ಹಾಕಿಕೊಂಡೆ.

ಸೋಮವಾರ ಬಂದವರೆಲ್ಲ ಕನ್ನಡಿಗೆ ಬಗ್ಗಿ ಬಗ್ಗಿ ನಡುವಿನ ಗೋಪುರವನ್ನೇ ಹೊಗಳಿದರು. ಯಾರೊಬ್ಬರೂ ತಲೆಯೆತ್ತಲಿಲ್ಲ. ಅವರು ಹೋದ ಮೇಲೆ ಮ್ಯಾನೇಜರ್ ಬಂದು, “ನೋಡಿ, ಕಟ್ಟಿದ್ರಲ್ಲ! ಆ ಮುದುಕ ಇಲ್ಲದಿದ್ರೂ ಆಯ್ತು” ಎಂದ. ನನಗೆ ಪಿತ್ತ ನೆತ್ತಿಗೇರಿತು.

“ನಾನು ಒಂದು ಗಂಟೂ ಹಾಕ್ಲಿಲ್ಲ. ಮೇಲೆ ನೋಡಿ ಸರ್.”

ನೋಡಿದ. ಕೆಳಗೆ ನೋಡಿದ. ಮತ್ತೆ ಮೇಲೆ ನೋಡಿದ. ಮುಖದಲ್ಲಿ ರಕ್ತವಿರಲಿಲ್ಲ. ಈಗಲಾದರೂ ಮನುಷ್ಯನಾಗುತ್ತಾನೆ ಎಂದುಕೊಂಡೆ. ಅವನು ಮಾಡಿದ್ದೇನು ಗೊತ್ತೇ? ಇಬ್ಬರನ್ನು ಕರೆದು, “ಯಲ್ಲಾ, ಬೇಗ ಬೇಗ ಈ ಕನ್ನಡಿ ತೆಗೀರಿ” ಎಂದ! ಕನ್ನಡಿ ಹೋಯಿತು, ಅವನ ಹೆಸರಿನ ಫಲಕ ಅಲ್ಲೇ ಉಳಿಯಿತು. ಥೂ, ಅಂಥದ್ದನ್ನು ಕಣ್ಣಾರೆ ಕಂಡ ಮೇಲೂ ಒಬ್ಬ ಬಡವನ ಹೆಸರು ಬರೆಯಲು ಇವನಿಗೆ ಕೈ ಬರಲಿಲ್ಲವಲ್ಲ! ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಆ ತಿಂಗಳೇ ರಾಜೀನಾಮೆ ಕೊಟ್ಟೆ.

ಕನ್ನಡಿ ತೆಗೆಸಿದ ಆ ಸೋಮವಾರವೇ ಸಂಜೆ ಶಿರ್ವಕ್ಕೆ ಫೋನ್ ಮಾಡಿದ್ದೆ. ಏನು ಹೇಳುವುದೆಂದು ತಿಳಿಯದೆ ಊಟ, ಆರೋಗ್ಯ ಎಂದೆಲ್ಲ ಕೇಳಿದೆ. ಪೊರ್ಬುಗಳು ಎಲ್ಲಕ್ಕೂ ಹೂಂ ಎಂದು, ಕೊನೆಗೆ ಕೇಳಿಯೇಬಿಟ್ಟರು.

“ನಡುವಿನದ್ದು ಆಯ್ತಾ ಮಾರಾಯ್ತಿ? ಯಾರು ಕಟ್ಟಿದ್ದು?”

“ಆಯ್ತು ಪೊರ್ಬುಗಳೇ” ಎಂದೆ. “ನೀವೇ ಕಟ್ಟಿದ್ದು.”

ನಾನು ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ.